ಕಾನ್ಫರೆನ್ಸ್ ಹೆಸರು ನೋಡಿ ಸಹಿ ಹಾಕಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜುಗಳಿಗೆ ಕ್ರೀಡಾ ಸ್ಕಾಲರ್‌ಶಿಪ್ ಮೇಲೆ ಹೋಗುವ ನಮ್ಮ ಈಜುಗಾರರು, ಟೆನಿಸ್ ಆಟಗಾರರು, ಅಥ್ಲೀಟ್‌ಗಳ ಬಗ್ಗೆ ಸುದ್ದಿ ಬಂದಾಗಲೆಲ್ಲ ಕಾಲೇಜಿನ ಹೆಸರಿನ ಜೊತೆಗೆ ‘ಬಿಗ್ ಟೆನ್’, ‘ಎಸಿಸಿ’, ‘ಬಿಗ್ 12’ ಎಂಬ ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಪಂದ್ಯ ಆಡುವ ಕಾಲೇಜುಗಳ ಕೂಟ) ಹೆಸರೂ ಹೆಮ್ಮೆಯಿಂದ ಅಚ್ಚಾಗುತ್ತದೆ. ಪೋಷಕರು ಕೂಡ ಆ ಹೆಸರನ್ನೇ ಗುಣಮಟ್ಟದ ಮುದ್ರೆ ಎಂದು ನಂಬಿ ಸಹಿ ಹಾಕುತ್ತಾರೆ. 2022ರಿಂದ ಈಚೆಗೆ ಆ ಕಾನ್ಫರೆನ್ಸ್‌ಗಳೇ ಕಲಸಿಹೋಗಿವೆ. ಯಾವ ಕಾಲೇಜು ಎಲ್ಲಿ ಸೇರಿದೆ, ಏಕೆ ಸೇರಿದೆ, ಅದರ ಬೆಲೆ ಯಾರು ತೆರುತ್ತಿದ್ದಾರೆ ಎಂಬುದು ಗೊತ್ತಿಲ್ಲದೆ 17 ವರ್ಷದ ಮಗುವನ್ನು ನಾಲ್ಕು ವರ್ಷಕ್ಕೆ ಕಳುಹಿಸುವುದು ಸರಿಯಲ್ಲ.

ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ವಲಯವಾರು ನಡೆಸುತ್ತದೆ. ಮೈಸೂರು ವಿಶ್ವವಿದ್ಯಾಲಯ ದಕ್ಷಿಣ ವಲಯದಲ್ಲಿದೆ. ಹೆಚ್ಚು ಹಣ ಸಿಗುತ್ತದೆಂದು ಅದು ನಾಳೆ ಉತ್ತರ ವಲಯಕ್ಕೆ ಸೇರಿಕೊಳ್ಳಲು ಆಗದು. ಅಮೆರಿಕದ ಕಾನ್ಫರೆನ್ಸ್‌ಗಳೂ ಹುಟ್ಟಿದ್ದು ಹೀಗೆ ಅಕ್ಕಪಕ್ಕದ ಕಾಲೇಜುಗಳ ಕೂಟವಾಗಿಯೇ. ಆದರೆ ಅವು ಖಾಸಗಿ ಕೂಟಗಳು. ಸದಸ್ಯರು ಒಪ್ಪಿದರೆ ಯಾರು ಬೇಕಾದರೂ ಸೇರಬಹುದು, ದಂಡ ಕಟ್ಟಿ ಅಥವಾ ಒಪ್ಪಂದ ಮುಗಿಯುವವರೆಗೆ ಕಾದು ಬಿಡಬಹುದು. ಟಿವಿ ಪ್ರಸಾರ ಹಕ್ಕನ್ನು ಮಾರುವುದು ಕಾನ್ಫರೆನ್ಸ್, ಹಣ ಹಂಚುವುದೂ ಅದೇ. ಆ ಹಣದ ಬಹುಪಾಲು ಬರುವುದು ಒಂದೇ ಆಟದಿಂದ, ಅಮೆರಿಕನ್ ಫುಟ್‌ಬಾಲ್‌ನಿಂದ. ಅಲ್ಪಸ್ವಲ್ಪ ಪುರುಷರ ಬಾಸ್ಕೆಟ್‌ಬಾಲ್‌ನಿಂದ. ಈಜು, ಟೆನಿಸ್, ವಾಲಿಬಾಲ್, ಡಿಸ್ಕಸ್ ಎಸೆತ ಇವೆಲ್ಲ ಆ ಹಣದಲ್ಲಿ ನಡೆಯುವ ಆಟಗಳು. ಆದರೆ ಕಾನ್ಫರೆನ್ಸ್ ಬದಲಿಸುವಾಗ ಅವುಗಳ ಅನುಕೂಲ ಯಾರ ಲೆಕ್ಕಕ್ಕೂ ಬರಲಿಲ್ಲ.

ಪಶ್ಚಿಮ ಕರಾವಳಿಯ ಪ್ಯಾಕ್-12 ಕಾನ್ಫರೆನ್ಸ್ ಮುರಿದದ್ದೇ ಇದಕ್ಕೆ ಸ್ಪಷ್ಟ ಉದಾಹರಣೆ. ಅದರ ಬೇರು 1915ರಷ್ಟು ಹಳೆಯದು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ದೊಡ್ಡ ವಿಶ್ವವಿದ್ಯಾಲಯಗಳಾದ ಯುಎಸ್‌ಸಿ ಮತ್ತು ಯುಸಿಎಲ್‌ಎ, 2024ರಿಂದ ಬಿಗ್ ಟೆನ್ ಸೇರುತ್ತೇವೆ ಎಂದು ಪ್ರಕಟಿಸಿದವು. ಬಿಗ್ ಟೆನ್ ಮೂಲತಃ ಮಿಷಿಗನ್, ಒಹಾಯೊ, ಇಲಿನಾಯ್ ಕಡೆಯ ಕೂಟ. ಅದೇ ಆಗಸ್ಟ್‌ನಲ್ಲಿ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮಿಕ್ಕಿದ ಒಪ್ಪಂದ ಮಾಡಿಕೊಂಡಿತು. ಲಾಸ್ ಏಂಜಲೀಸ್‌ನಂಥ ದೊಡ್ಡ ಟಿವಿ ಮಾರುಕಟ್ಟೆ ಕೈತಪ್ಪಿದ ಪ್ಯಾಕ್-12ಗೆ ಹೊಸ ಒಪ್ಪಂದ ಕುದುರಲೇ ಇಲ್ಲ. ಕೊನೆಗೆ ಕೈಯಲ್ಲಿ ಉಳಿದದ್ದು ಆ್ಯಪಲ್ ಕಂಪನಿಯ ಪ್ರಸ್ತಾಪ. ಅದರಲ್ಲಿ ಆದಾಯ ಚಂದಾದಾರರ ಸಂಖ್ಯೆಗೆ ಗಂಟುಬಿದ್ದಿತ್ತು. 2023ರ ಜುಲೈ ಕೊನೆಯಲ್ಲಿ ಕೊಲರಾಡೊ ಬಿಗ್ 12ಕ್ಕೆ ಹೊರಟಿತು. ಆಗಸ್ಟ್ 4ರಂದು ಒಂದೇ ದಿನ ಆರಿಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ ಹಾರಿದವು. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಹೆಸರಿನಲ್ಲೇ ಅಟ್ಲಾಂಟಿಕ್ ಕರಾವಳಿ ಇರುವ ಎಸಿಸಿ ಸೇರಿದವು. ಉಳಿದದ್ದು ಪುಲ್‌ಮನ್ ಎಂಬ ಚಿಕ್ಕ ಊರಿನ ವಾಷಿಂಗ್ಟನ್ ಸ್ಟೇಟ್ ಮತ್ತು ಕೊರ್ವಾಲಿಸ್‌ನ ಆರಿಗಾನ್ ಸ್ಟೇಟ್, ಎರಡೇ.

ಇಷ್ಟು ಸಲೀಸಾಗಿ ಹೊರಡಲು ಹೇಗೆ ಸಾಧ್ಯವಾಯಿತು? ಪ್ರತಿ ಕಾಲೇಜು ತನ್ನ ತವರಿನ ಪಂದ್ಯಗಳ ಪ್ರಸಾರ ಹಕ್ಕನ್ನು ಇಂತಿಷ್ಟು ವರ್ಷ ಎಂದು ಕಾನ್ಫರೆನ್ಸಿಗೆ ಬರೆದುಕೊಟ್ಟಿರುತ್ತದೆ. ಪ್ಯಾಕ್-12ರಲ್ಲಿ ಆ ಅವಧಿ 2024ರ ಬೇಸಿಗೆಗೆ ಮುಗಿಯುತ್ತಿತ್ತು. ಆದ್ದರಿಂದ ಹೊರಡುವವರನ್ನು ಹಿಡಿದು ನಿಲ್ಲಿಸುವ ಹಗ್ಗವೇ ಇರಲಿಲ್ಲ. ಎಸಿಸಿಯಲ್ಲಿ ಅದು 2036ರವರೆಗೆ ಇದೆ. ಫ್ಲೋರಿಡಾ ಸ್ಟೇಟ್ ಮತ್ತು ಕ್ಲೆಮ್ಸನ್ ಅದರ ವಿರುದ್ಧ ನ್ಯಾಯಾಲಯಕ್ಕೆ ಹೋಗಿ 2025ರ ಮಾರ್ಚ್‌ನಲ್ಲಿ ರಾಜಿಯಾದವು. ಆ ರಾಜಿಯ ಪ್ರಕಾರ ಎಸಿಸಿ ಬಿಡುವ ದಂಡ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ 2030ರ ಹೊತ್ತಿಗೆ ಸುಮಾರು 7.5 ಕೋಟಿ ಡಾಲರ್‌ಗೆ ನಿಲ್ಲುತ್ತದೆ. ಪೋಷಕರು ಗಮನಿಸಬೇಕಾದ ವರ್ಷ ಅದು. ಈಗ ಸೇರುವ ಮಗು ಪದವಿ ಮುಗಿಸುವ ಹೊತ್ತಿಗೇ ಎಸಿಸಿಯ ಬಾಗಿಲು ಸಡಿಲವಾಗುತ್ತದೆ. ಬಿಗ್ ಟೆನ್, ಬಿಗ್ 12ಗಳ ಟಿವಿ ಒಪ್ಪಂದಗಳೂ ಆ ವರ್ಷಗಳ ಆಸುಪಾಸಿನಲ್ಲೇ ಮುಗಿಯುತ್ತವೆ. ಇನ್ನೊಂದು ಸುತ್ತಿನ ಗುಳೆ ಏಳುವುದು ಬಹುತೇಕ ಖಚಿತವೆಂದೇ ನನ್ನ ಅಭಿಪ್ರಾಯ.

ಸೇರಿದವರಿಗೂ ಪೂರ್ತಿ ಹಣ ಸಿಗಲಿಲ್ಲ. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಗೆ ಎಸಿಸಿಯ ಟಿವಿ ಹಣದಲ್ಲಿ ಮೊದಲ ಏಳು ವರ್ಷ ಸಿಗುವುದು ಕೇವಲ ಶೇ 30ರಷ್ಟು ಪಾಲು. ಆರಿಗಾನ್, ವಾಷಿಂಗ್ಟನ್ ಕೂಡ ಉಳಿದವರಿಗಿಂತ ಬಹಳ ಕಡಿಮೆ ಪಾಲಿಗೆ ಒಪ್ಪಿದವು. ಯುಸಿಎಲ್‌ಎ ಹೊರಟಿದ್ದರಿಂದ ಸೋದರ ಸಂಸ್ಥೆ ಬರ್ಕ್ಲಿಗೆ ನಷ್ಟವಾಯಿತೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ, ಮೂರು ವರ್ಷ ಕಾಲ ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕೆಂದು ಯುಸಿಎಲ್‌ಎಗೆ ವಿಧಿಸಿತು. ಯುಸಿಎಲ್‌ಎ ಕ್ರೀಡಾ ವಿಭಾಗ ಬಿಗ್ ಟೆನ್ ಸೇರುವ ಹಿಂದಿನ ವರ್ಷವೇ 5.18 ಕೋಟಿ ಡಾಲರ್ ಕೊರತೆಯಲ್ಲಿತ್ತು. ಈ ಲೆಕ್ಕ ಏಕೆ ಮುಖ್ಯವೆಂದರೆ, ಪ್ರಯಾಣದ ಖರ್ಚು ಏರಿದ್ದು ಮೊದಲ ದಿನದಿಂದ, ಪೂರ್ತಿ ಆದಾಯ ಬರುವುದು ವರ್ಷಗಳ ನಂತರ. ನಡುವಿನ ಕೊರತೆಯನ್ನು ತುಂಬುವಾಗ ಮೊದಲು ಕೈ ಬೀಳುವುದು ಸಣ್ಣ ಆಟಗಳ ಮೇಲೆ.

ಇನ್ನು ಪ್ರಯಾಣದ ಮಾತು. ಹಳೆಯ ಪ್ಯಾಕ್-12ರಲ್ಲಿ ಕಾಲೇಜುಗಳು ಜೋಡಿಜೋಡಿಯಾಗಿದ್ದವು: ಸ್ಟ್ಯಾನ್‌ಫರ್ಡ್–ಬರ್ಕ್ಲಿ, ಯುಎಸ್‌ಸಿ–ಯುಸಿಎಲ್‌ಎ, ಅರಿಜೋನಾ–ಅರಿಜೋನಾ ಸ್ಟೇಟ್. ವಾರಾಂತ್ಯಕ್ಕೆ ಒಂದು ಪ್ರದೇಶಕ್ಕೆ ಹೋದರೆ ಒಬ್ಬರೊಂದಿಗೆ ಆಡಿ, ಒಂದು ದಿನ ಬಿಟ್ಟು ಪಕ್ಕದವರೊಂದಿಗೂ ಆಡಿ ಭಾನುವಾರ ಮನೆಗೆ ಬರಬಹುದಿತ್ತು. ಗಡಿಯಾರದ ವ್ಯತ್ಯಾಸ ಹೆಚ್ಚೆಂದರೆ ಒಂದು ಗಂಟೆ. ಈಗ ಬಿಗ್ ಟೆನ್‌ನಲ್ಲಿ 18 ಕಾಲೇಜುಗಳು. ಒಂದು ತುದಿ ಸಿಯಾಟಲ್, ಇನ್ನೊಂದು ತುದಿ ನ್ಯೂಜೆರ್ಸಿಯ ರಟ್ಗರ್ಸ್. ನಡುವೆ 3,800 ಕಿ.ಮೀ., ಮೂರು ಗಂಟೆಯ ವ್ಯತ್ಯಾಸ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬಾಸ್ಟನ್ 4,300 ಕಿ.ಮೀ.ಗೂ ಹೆಚ್ಚು, ಅಂದರೆ ಬೆಂಗಳೂರು–ದೆಹಲಿಯ ಎರಡರಷ್ಟಕ್ಕೂ ಮಿಗಿಲು. ದೇಹದ ಗಡಿಯಾರ ಸ್ಥೂಲವಾಗಿ ದಿನಕ್ಕೆ ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ. ಗುರುವಾರ ಹೋಗಿ ಭಾನುವಾರ ಮರಳುವ ಆಟಗಾರ್ತಿಯ ದೇಹ ಅಲ್ಲಿಗೆ ಹೊಂದಿಕೊಳ್ಳುವಷ್ಟರಲ್ಲಿ ವಾಪಸ್ ಬಂದಿರುತ್ತಾಳೆ, ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಕೂತಿರುತ್ತಾಳೆ.

ಫುಟ್‌ಬಾಲ್ ತಂಡಕ್ಕೆ ಇದು ಅಷ್ಟು ಬಾಧಿಸದು. ವಾರಕ್ಕೆ ಒಂದೇ ಪಂದ್ಯ, ಋತುವಿಗೆ 12. ಬಿಗ್ ಟೆನ್‌ನ ಒಂಬತ್ತು ಕಾನ್ಫರೆನ್ಸ್ ಪಂದ್ಯಗಳಲ್ಲಿ ಹೊರ ಊರಿನವು ನಾಲ್ಕೋ ಐದೋ. ಹೋಗುವುದು ಬಾಡಿಗೆ ವಿಮಾನದಲ್ಲಿ, ಪಂದ್ಯ ಮುಗಿದ ರಾತ್ರಿಯೇ ವಾಪಸ್. ವಾಲಿಬಾಲ್ ತಂಡ ವಾರಕ್ಕೆ ಎರಡು ಪಂದ್ಯ ಆಡುತ್ತದೆ. ಸಾಫ್ಟ್‌ಬಾಲ್, ಬೇಸ್‌ಬಾಲ್‌ನವರು ಒಂದೇ ಎದುರಾಳಿಯ ಜೊತೆ ಮೂರು ದಿನ ಮೂರು ಪಂದ್ಯ ಆಡಬೇಕು. ಇವರು ಸಾಮಾನ್ಯವಾಗಿ ಮಾಮೂಲಿ ಪ್ರಯಾಣಿಕ ವಿಮಾನದಲ್ಲೇ ಹೋಗುತ್ತಾರೆ. ಅನೇಕ ಕಾಲೇಜು ಊರುಗಳಿಗೆ ನೇರ ವಿಮಾನವೇ ಇಲ್ಲ. ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದರೆ ಇಂಡಿಯಾನಾಪೊಲಿಸ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ವಿಮಾನ ಒಂದು ಗಂಟೆ ತಡವಾದರೆ ಮುಂದಿನ ವಿಮಾನ ತಪ್ಪುತ್ತದೆ, ಇಪ್ಪತ್ತು ಮಂದಿಗೆ ಒಂದೇ ವಿಮಾನದಲ್ಲಿ ಬದಲಿ ಸೀಟು ಸಿಗುವುದಿಲ್ಲ, ತಂಡ ಎರಡು ಭಾಗವಾಗುತ್ತದೆ.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮದ ಪ್ರಕಾರ ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕ್ರೀಡಾ ಚಟುವಟಿಕೆ ಮಾಡಿಸುವಂತಿಲ್ಲ, ವಾರಕ್ಕೊಂದು ರಜೆ ಕೊಡಬೇಕು. ಓದಿದರೆ ಸಮಾಧಾನವಾಗುತ್ತದೆ. ಆದರೆ ಪ್ರಯಾಣದ ಸಮಯ ಆ 20 ಗಂಟೆಯಲ್ಲಿ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಅಭ್ಯಾಸ, ಪಂದ್ಯ, ಸಭೆ ಇಲ್ಲದೆ ಬರೀ ಪ್ರಯಾಣ ಮಾಡಿದ ದಿನವನ್ನು ರಜೆಯ ದಿನವೆಂದು ಬರೆದುಕೊಳ್ಳಬಹುದು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ವಿಮಾನ ನಿಲ್ದಾಣಗಳಲ್ಲಿ ಕಳೆದ ಭಾನುವಾರವನ್ನು ವಿಶ್ರಾಂತಿ ಎಂದು ಕರೆಯುವ ಈ ವ್ಯವಸ್ಥೆ ನನಗೆ ಅನ್ಯಾಯವಾಗಿ ಕಾಣುತ್ತದೆ.

ಹಾಗೆಂದು ಎಲ್ಲ ಆಟಕ್ಕೂ ಒಂದೇ ಪೆಟ್ಟು ಬಿದ್ದಿಲ್ಲ. ನಮ್ಮ ಪೋಷಕರು ವಿವೇಚಿಸಬೇಕಾದದ್ದು ಇಲ್ಲೇ. ಈಜು ಮತ್ತು ಅಥ್ಲೆಟಿಕ್ಸ್‌ನಲ್ಲಿ ಕಾನ್ಫರೆನ್ಸ್ ಎದುರಾಳಿಗಳ ಜೊತೆ ವಾರವಾರ ಸ್ಪರ್ಧಿಸಬೇಕೆಂಬ ನಿರ್ಬಂಧ ಸಾಮಾನ್ಯವಾಗಿ ಇರುವುದಿಲ್ಲ. ಋತುವಿನ ಕೂಟಗಳನ್ನು ಕೋಚ್ ಹತ್ತಿರದಲ್ಲೇ ಆರಿಸಿಕೊಳ್ಳಬಹುದು. ಕೊನೆಗೆ ಕಾನ್ಫರೆನ್ಸ್ ಚಾಂಪಿಯನ್‌ಶಿಪ್‌ಗೆ ಒಂದು ದೂರದ ಪ್ರಯಾಣ. ಗಾಲ್ಫ್ ಕೂಡ ಟೂರ್ನಿಗಳ ಮೇಲೆ ನಡೆಯುವ ಆಟ. ಸ್ಕ್ವಾಷ್ ಎನ್‌ಸಿಎಎ ಅಡಿಯಲ್ಲೇ ಇಲ್ಲ. ಟೆನಿಸ್ ಮಾತ್ರ ಬೇರೆ. ವಸಂತದಲ್ಲಿ ವಾರಾಂತ್ಯಕ್ಕೆ ಒಂದೆರಡು ಕಾನ್ಫರೆನ್ಸ್ ಪಂದ್ಯ, ಅರ್ಧದಷ್ಟು ಹೊರ ಊರಿನಲ್ಲಿ. ಬರ್ಕ್ಲಿಯ ಟೆನಿಸ್ ಆಟಗಾರನಿಗೆ ಹತ್ತಿರದ ಎಸಿಸಿ ಎದುರಾಳಿ ಸ್ಟ್ಯಾನ್‌ಫರ್ಡ್. ಅದು ಬಿಟ್ಟರೆ ಮುಂದಿನದು ಟೆಕ್ಸಸ್‌ನ ಡಲ್ಲಾಸ್. ಉಳಿದವರೆಲ್ಲ ಇನ್ನೂ ಪೂರ್ವಕ್ಕೆ. ಕಾಲೇಜು ಕ್ರೀಡೆಯ ಮೇಲಿನ ಹಂತವಾದ ಡಿವಿಷನ್ 1 ಟೆನಿಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಆಟಗಾರರು ಹೊರದೇಶದವರು. ಹಾಗಾಗಿ ಈ ಪೆಟ್ಟು ನಮ್ಮಂಥವರ ಮಕ್ಕಳಿಗೇ ತಟ್ಟುತ್ತದೆ.

ಓದಿನ ಮೇಲೆ ಆಗುವ ಪರಿಣಾಮದಲ್ಲಿ ಒಂದು ಸೂಕ್ಷ್ಮವಿದೆ. ಸ್ಟ್ಯಾನ್‌ಫರ್ಡ್, ಯುಸಿಎಲ್‌ಎ, ವಾಷಿಂಗ್ಟನ್, ಆರಿಗಾನ್‌ಗಳಲ್ಲಿ ಸೆಮಿಸ್ಟರ್ ಇಲ್ಲ, ಸುಮಾರು ಹತ್ತು ವಾರಗಳ ಕ್ವಾರ್ಟರ್ ಇದೆ. ಹತ್ತು ವಾರದಲ್ಲಿ ನಾಲ್ಕು ಗುರುವಾರ-ಶುಕ್ರವಾರ ತಪ್ಪಿದರೆ ಪ್ರಯೋಗಾಲಯ ಇರುವ ವಿಷಯಗಳಲ್ಲಿ ಮೇಲೇಳುವುದು ಕಷ್ಟ. ಎಂಜಿನಿಯರಿಂಗ್, ಜೀವವಿಜ್ಞಾನ ಬಯಸುವ ನಮ್ಮ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ಅಮೆರಿಕದ ಆಟಗಾರರು ಆನ್‌ಲೈನ್ ತರಗತಿಗಳನ್ನು ಹೆಚ್ಚು ತೆಗೆದುಕೊಂಡು ನಿಭಾಯಿಸುತ್ತಾರೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಆ ದಾರಿ ಇಲ್ಲ. ಪದವಿ ವಿದ್ಯಾರ್ಥಿ ಸೆಮಿಸ್ಟರಿಗಾಗಲಿ ಕ್ವಾರ್ಟರಿಗಾಗಲಿ ಕನಿಷ್ಠ 12 ಕ್ರೆಡಿಟ್ ಓದಬೇಕು; ಪೂರ್ಣಾವಧಿ ಓದಿನ ಲೆಕ್ಕಕ್ಕೆ ಅದರಲ್ಲಿ ಆನ್‌ಲೈನ್ ಒಂದೇ ತರಗತಿ, ಅಂದರೆ 3 ಕ್ರೆಡಿಟ್‌ವರೆಗೆ ಮಾತ್ರ ಪರಿಗಣನೆ. ಆಯಾಸದಿಂದ ಒಂದು ತರಗತಿ ಕೈಬಿಟ್ಟು 12ಕ್ಕಿಂತ ಕೆಳಗಿಳಿದರೆ ತೊಂದರೆ ತಂಡದಲ್ಲಿ ಸ್ಥಾನಕ್ಕಷ್ಟೇ ಅಲ್ಲ, ವೀಸಾಕ್ಕೇ ಬರುತ್ತದೆ. ಯಾವುದೇ ತರಗತಿ ಬಿಡುವ ಮುನ್ನ ಕ್ರೀಡಾ ವಿಭಾಗದ ಸಲಹೆಗಾರರನ್ನಲ್ಲ, ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಬೇಕು.

ಹಣದ ವಿಷಯದಲ್ಲೂ ಇದೇ ಅಂತರ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಪ್ರಕರಣದ ರಾಜಿಯಂತೆ, 2025–26ರಲ್ಲಿ ರಾಜಿಗೆ ಒಳಪಟ್ಟ ಪ್ರತಿ ಕಾಲೇಜಿಗೆ 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಆಟಗಾರರಿಗೆ ಹಂಚುವ ಅವಕಾಶ ಸಿಕ್ಕಿತು. ಬಹುಪಾಲು ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಆಟಗಾರರಿಗೆ ಹೋಗುತ್ತದೆ. ಎಫ್-1 ವೀಸಾದಲ್ಲಿ ಅನುಮತಿಯಿಲ್ಲದ ಕೆಲಸ ನಿಷಿದ್ಧವಾದ್ದರಿಂದ ನಮ್ಮ ಮಕ್ಕಳು ಅಮೆರಿಕದ ನೆಲದಲ್ಲಿ ಜಾಹೀರಾತು ಒಪ್ಪಂದಕ್ಕೆ ಸಹಿ ಮಾಡುವುದು ಅಪಾಯ. ‘ಎಲ್ಲರೂ ಮಾಡುತ್ತಾರೆ’ ಎಂದು ಯಾರು ಹೇಳಿದರೂ ಕಿವಿಗೊಡಬೇಡಿ.

ಅದೇ ರಾಜಿ ಸ್ಕಾಲರ್‌ಶಿಪ್ ಲೆಕ್ಕವನ್ನೂ ಬದಲಿಸಿತು. ಮೊದಲು ಪುರುಷರ ಈಜು ತಂಡಕ್ಕೆ 9.9, ಪುರುಷರ ಟೆನಿಸ್‌ಗೆ 4.5 ಪೂರ್ಣ ಸ್ಕಾಲರ್‌ಶಿಪ್‌ಗಳ ಮಿತಿ ಇತ್ತು. ಕೋಚ್ ಅದನ್ನು ಚೂರುಚೂರಾಗಿ ಹಂಚುತ್ತಿದ್ದರು. ಈಗ ರಾಜಿಗೆ ಒಳಪಟ್ಟ ಕಾಲೇಜುಗಳಲ್ಲಿ ಆ ಮಿತಿ ಹೋಗಿ ತಂಡದ ಸಂಖ್ಯೆಗೆ ಮಿತಿ ಬಂದಿದೆ: ಈಜಿಗೆ 30, ಟೆನಿಸ್‌ಗೆ 10. ಮೂವತ್ತು ಮಂದಿಗೂ ಸ್ಕಾಲರ್‌ಶಿಪ್ ‘ಕೊಡಬಹುದು’; ಕೊಡಲೇಬೇಕೆಂದಿಲ್ಲ. ಕಾನ್ಫರೆನ್ಸ್ ಬಯಸಿದರೆ ಸಂಖ್ಯೆಯನ್ನು ಇನ್ನೂ ಇಳಿಸಬಹುದು. ಆಗ್ನೇಯ ಅಮೆರಿಕದ ಕಾನ್ಫರೆನ್ಸ್ ಎಸ್‌ಇಸಿ ಪುರುಷರ ಈಜಿಗೆ 22 ಎಂದು ಇಳಿಸಿತು. ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿ ಎರಡು ವರ್ಷದಲ್ಲಿ ಬೆಳೆಯುತ್ತಿದ್ದ ಹುಡುಗರಿಗೆ ಜಾಗವೇ ಕಿರಿದಾಯಿತು.

ಹಿಂದೆ ಉಳಿದ ಕಾಲೇಜುಗಳ ಸ್ಥಿತಿಯನ್ನು ವಿಕಾಸ್ ಗೌಡ ಅವರನ್ನು ನೆನೆದು ನೋಡಬೇಕು. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಓದಿ, 2006ರಲ್ಲಿ ಎನ್‌ಸಿಎಎ ಡಿಸ್ಕಸ್ ಚಾಂಪಿಯನ್ ಆದರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದರು. ಅಂಥ ಎಸೆತಗಾರರನ್ನು ರೂಪಿಸುವುದು ಕಾಲೇಜಿನ ಎಸೆತದ ಅಂಕಣ, ಅದಕ್ಕೆಂದೇ ಇರುವ ಕೋಚ್, ಭಾರ ಎತ್ತುವ ಕೋಣೆ. ಪ್ಯಾಕ್-12 ಒಡೆದು ವರ್ಷಕ್ಕೆ ಬರುತ್ತಿದ್ದ ಕೋಟಿಗಟ್ಟಲೆ ಡಾಲರ್ ಪಾಲು ಕುಸಿದ ವಾಷಿಂಗ್ಟನ್ ಸ್ಟೇಟ್, 2025ರ ಜೂನ್‌ನಲ್ಲಿ ತನ್ನ ಅಥ್ಲೆಟಿಕ್ಸ್ ತಂಡವನ್ನು ದೂರದ ಓಟಕ್ಕೆ ಸೀಮಿತಗೊಳಿಸಿ ಎಸೆತ-ಜಿಗಿತಗಳನ್ನು ಕೈಬಿಟ್ಟಿತು. ಅಲ್ಲಿ ಈಗ ಡಿಸ್ಕಸ್ ಎಸೆಯುವ ವಿದ್ಯಾರ್ಥಿಗೆ ತಂಡವಿಲ್ಲ. ಎಸೆತದ ವಿದ್ಯಾರ್ಥಿಗಳು ಮಾಡಿದ ತಪ್ಪೇನು? ಅವರ ಕಾಲೇಜಿನ ಫುಟ್‌ಬಾಲ್‌ಗೆ ಟಿವಿಯಲ್ಲಿ ಸಾಕಷ್ಟು ವೀಕ್ಷಕರಿಲ್ಲ, ಅಷ್ಟೇ.

ವಿಕಾಸ್ ಅವರ ನಾರ್ತ್ ಕ್ಯಾರೊಲಿನಾ, ಸ್ಟ್ಯಾನ್‌ಫರ್ಡ್-ಬರ್ಕ್ಲಿಗಳ ಸೇರ್ಪಡೆಯ ವಿರುದ್ಧ ಮತ ಹಾಕಿದ ಮೂರು ಎಸಿಸಿ ಕಾಲೇಜುಗಳಲ್ಲಿ ಒಂದು ಎಂಬುದನ್ನೂ ಹೇಳಬೇಕು. ಮತದಾನದ ಮುನ್ನ ಅಲ್ಲಿನ ಧರ್ಮದರ್ಶಿ ಮಂಡಳಿಯ ಪ್ರಮುಖರು ಕೊಟ್ಟ ಕಾರಣಗಳಲ್ಲಿ ವಿದ್ಯಾರ್ಥಿಗಳ ಪ್ರಯಾಣದ ದೂರವೂ ಇತ್ತು. ಮತ ಸೋತಿತು.

ಪರಿಹಾರ ಇಲ್ಲವೆಂದಲ್ಲ. ಫುಟ್‌ಬಾಲ್ ಒಂದನ್ನು ಟಿವಿಯ ನಕ್ಷೆಗೆ ಬಿಟ್ಟು ಉಳಿದ ಆಟಗಳನ್ನು ಭೂಗೋಳದ ನಕ್ಷೆಗೆ ಮರಳಿಸಬಹುದು. ನೋಟ್ರ ಡೇಮ್ ಫುಟ್‌ಬಾಲ್‌ನಲ್ಲಿ ಸ್ವತಂತ್ರವಾಗಿದ್ದು ಇತರ ಬಹುತೇಕ ಆಟಗಳಲ್ಲಿ ಎಸಿಸಿಯಲ್ಲಿದೆ. ಆರಿಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡು ವರ್ಷ ಅನೇಕ ಆಟಗಳಲ್ಲಿ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ಜೊತೆ ಆಡಿದವು. ವಾಟರ್ ಪೋಲೊದಲ್ಲಿ ಕ್ಯಾಲಿಫೋರ್ನಿಯಾದ ದೊಡ್ಡ ಕಾಲೇಜುಗಳು ಮೌಂಟನ್ ಪೆಸಿಫಿಕ್ ಒಕ್ಕೂಟದಲ್ಲಿ ಆಡುತ್ತಾ ಬಂದಿವೆ. ಮಾದರಿಗಳು ಕಣ್ಣೆದುರಿಗಿವೆ, ಇಚ್ಛೆ ಬೇಕು. ಸನಿವೇಲ್, ಫ್ರೀಮಾಂಟ್ ಕಡೆ ನೆಲೆಸಿ ಬರ್ಕ್ಲಿಗೋ ಸ್ಟ್ಯಾನ್‌ಫರ್ಡಿಗೋ ಮಕ್ಕಳನ್ನು ಕಳಿಸುವ ಕನ್ನಡಿಗ ಕುಟುಂಬಗಳು ಹಳೆಯ ವಿದ್ಯಾರ್ಥಿಗಳಾಗಿ, ತೆರಿಗೆದಾರರಾಗಿ, ದಾನಿಗಳಾಗಿ ಈ ಒತ್ತಾಯವನ್ನು ಮುಂದಿಡಬಹುದು. ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳು ಇಂಥ ಮಾತಿಗೆ ಕಿವಿಗೊಡುತ್ತವೆ.

ಇಲ್ಲಿನ ಪೋಷಕರು ಮಾಡಬಹುದಾದದ್ದು ಹೀಗೆ. ಕೋಚ್ ಕರೆ ಮಾಡಿದಾಗ ಕಾನ್ಫರೆನ್ಸ್ ವಿಚಾರ ಬಿಟ್ಟು, ಹೋದ ವರ್ಷದ ಪಂದ್ಯಗಳ ವೇಳಾಪಟ್ಟಿ ಕೇಳಿ; ಅದು ಕಾಲೇಜಿನ ಕ್ರೀಡಾ ಜಾಲತಾಣದಲ್ಲಿಯೂ ಸಿಗುತ್ತದೆ. ಹೊರ ಊರಿನ ಪಂದ್ಯಗಳ ಸ್ಥಳಗಳನ್ನು ನಕ್ಷೆಯ ಮೇಲೆ ಗುರುತಿಸಿ, ಎಷ್ಟು ವಾರದ ದಿನಗಳು ತಪ್ಪುತ್ತವೆ ಎಂದು ಎಣಿಸಿ. ಮಗು ಓದಬಯಸುವ ವಿಷಯದಲ್ಲೇ ಓದುತ್ತಿರುವ ಆಟಗಾರರು ಈಗಿನ ತಂಡದಲ್ಲಿ ಎಷ್ಟು ಮಂದಿ ಎಂದು ಕೇಳಿ. ಎಲ್ಲರೂ ಒಂದೇ ಸುಲಭ ವಿಷಯದಲ್ಲಿದ್ದರೆ ಅದಕ್ಕೆ ಕಾರಣವಿರುತ್ತದೆ. ತಂಡದ ಸಂಖ್ಯೆ ಮಿತಿ ಎಷ್ಟು, ಅದರಲ್ಲಿ ಸ್ಕಾಲರ್‌ಶಿಪ್ ಇರುವವರು ಎಷ್ಟು, ನಿಮ್ಮ ಮಗುವಿನದು ಒಂದು ವರ್ಷದ್ದೋ ನಾಲ್ಕು ವರ್ಷದ್ದೋ? ಗಾಯವಾದರೆ ಅಥವಾ ತಂಡವನ್ನೇ ಮುಚ್ಚಿದರೆ ಪದವಿ ಮುಗಿಯುವವರೆಗೆ ಶುಲ್ಕ ಕಟ್ಟುತ್ತಾರೆಯೇ? ಹಿಂದೆ ಆಟಗಾರರು ಸಹಿ ಹಾಕುತ್ತಿದ್ದ ರಾಷ್ಟ್ರೀಯ ಒಪ್ಪಿಗೆ ಪತ್ರವನ್ನು (ನ್ಯಾಷನಲ್ ಲೆಟರ್ ಆಫ್ ಇಂಟೆಂಟ್) 2024ರ ಅಕ್ಟೋಬರ್‌ನಲ್ಲಿ ರದ್ದುಮಾಡಲಾಗಿದೆ. ಈಗ ಕಾಲೇಜು ಕೊಡುವ ಆರ್ಥಿಕ ನೆರವಿನ ಒಪ್ಪಂದವೇ ಆಧಾರ. ಫೋನಿನಲ್ಲಿ ಹೇಳಿದ್ದು ಅದರಲ್ಲಿ ಇಲ್ಲವಾದರೆ ಅದು ಇಲ್ಲ.

ಕಾಲೇಜು ಬದಲಿಸುವ ಸಂದರ್ಭ ಬಂದರೆ, ವರ್ಗಾವಣೆ ಪಟ್ಟಿಗೆ ಹೆಸರು ಕೊಟ್ಟ ಮೇಲೆ ಹಳೆಯ ಕಾಲೇಜು ಆ ಅವಧಿಯ ನಂತರದ ನೆರವನ್ನು ನಿಲ್ಲಿಸಬಹುದು ಎಂಬುದು ನೆನಪಿರಲಿ. ವಿದ್ಯಾರ್ಥಿ ವೀಸಾಕ್ಕೆ ಆಧಾರವಾದ ಐ-20 ಪತ್ರ ಹೊಸ ಕಾಲೇಜಿನಿಂದ ಬೇಕು. ಜೊತೆಗೆ ಎರಡನೇ ವರ್ಷದ ಕೊನೆಗೆ ಪದವಿಯ ಶೇ 40, ಮೂರನೆಯದಕ್ಕೆ ಶೇ 60 ಮುಗಿಸಿರಬೇಕೆಂಬ ಎನ್‌ಸಿಎಎ ನಿಯಮವಿದೆ. ಹಳೆಯ ಕ್ರೆಡಿಟ್‌ಗಳನ್ನು ಹೊಸ ಕಾಲೇಜು ಒಪ್ಪದಿದ್ದರೆ ಆಡುವ ಅರ್ಹತೆಯೇ ಹೋಗುತ್ತದೆ. ಮೊದಲು ಕ್ರೆಡಿಟ್‌ಗಳ ಲಿಖಿತ ಮೌಲ್ಯಮಾಪನ, ಆಮೇಲೆ ಹೆಸರು ಕೊಡುವುದು.

ಹೆಚ್ಚಿನ ಆಟಗಳಿಗೆ ಸಹಿ ಆರಂಭವಾಗುವುದು ನವೆಂಬರ್‌ನಲ್ಲಿ. ರಾಜ್ಯದ ಈಜು, ಟೆನಿಸ್, ಅಥ್ಲೆಟಿಕ್ಸ್ ಸಂಸ್ಥೆಗಳು ಅದಕ್ಕೂ ಮೊದಲು, ಸೆಪ್ಟೆಂಬರ್‌ನಲ್ಲೇ, ಪೋಷಕರಿಗಾಗಿ ಒಂದು ದಿನದ ಮಾಹಿತಿ ಸಭೆ ನಡೆಸಲಿ. ಅಲ್ಲಿಗೆ ಏಜೆಂಟರ ಬದಲು, ಅಮೆರಿಕದಲ್ಲಿ ಓದಿ ಆಡಿ ಬಂದ ನಮ್ಮವರೇ ಆದ ಯುವಕ-ಯುವತಿಯರನ್ನು ಕರೆಯಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ನಿಮ್ಮ ಓದುಗ
ಬೆಂಗಳೂರು